ಹತ್ತಕ್ಕೆ ಏಳು ಗೆದ್ದಿದ್ದಕ್ಕೆ ನಮಗೆ ಮಾರ್ಕ್ಸ್ ಬಂತು

ಹೋದ ಸೆಮ್ಮಿನ ಮಿನಿ ಪ್ರಾಜೆಕ್ಟಿನಲ್ಲಿ ನಮ್ಮ ಟೀಮಿಗೆ ಒಳ್ಳೆ ಮಾರ್ಕ್ಸ್ ಬಂತು. ನಾವು ನಾಲ್ಕು ಜನ ಸೇರಿ ಸಿ ಪ್ಲಸ್ ಪ್ಲಸ್‌ನಲ್ಲಿ ಚೆಸ್ ಆಡೋ ಒಂದು ಪ್ರೋಗ್ರಾಂ ಬರೆದಿದ್ವಿ. ಮೊದಲು ಒಂದು ಸಾದಾ ವರ್ಶನ್. ಅದಕ್ಕೆ ಗೊತ್ತಿದ್ದಿದ್ದು ಯಾವ ಕಾಯಿಗೆ ಎಷ್ಟು ಬೆಲೆ ಅನ್ನೋದಷ್ಟೇ. ಆಮೇಲೆ 'ರಾಜನ ಸುತ್ತ ಎಷ್ಟು ಅಪಾಯ ಇದೆ' ಅಂತ ಲೆಕ್ಕ ಹಾಕೋ ಕೋಡ್ ಸೇರಿಸಿ ಎರಡನೇ ವರ್ಶನ್ ಮಾಡಿದ್ವಿ. ಲ್ಯಾಬಿನಲ್ಲಿ ಎರಡನ್ನೂ ಒಂದಕ್ಕೊಂದು ಹತ್ತು ಆಟ ಆಡಿಸಿದ್ವಿ. ಹೊಸದು ಏಳು ಗೆದ್ದಿತು, ಮೂರು ಸೋತಿತು. ರಿಪೋರ್ಟಿನಲ್ಲಿ ದಪ್ಪ ಅಕ್ಷರದಲ್ಲಿ '147 ಎಲೋ ಹೆಚ್ಚಳ' ಅಂತ ಹಾಕಿದ್ವಿ, ಜೊತೆಗೆ ಒಂದು ಬಣ್ಣದ ಗ್ರಾಫು. ವೈವಾದಲ್ಲಿ ಎಲ್ಲರೂ ಗ್ರಾಫ್ ನೋಡಿ ತಲೆ ಆಡಿಸಿದರು. 'ಹತ್ತೇ ಆಟ ಯಾಕೆ?' ಅಂತ ಒಬ್ಬರೂ ಕೇಳಲಿಲ್ಲ. ನಿಜ ಹೇಳಬೇಕಂದ್ರೆ ನಾವೂ ನಮ್ಮನ್ನ ಕೇಳಿಕೊಂಡಿರಲಿಲ್ಲ.

ಆ 147 ತಪ್ಪು. ಬೇಕಂತ ಮಾಡಿದ ಮೋಸ ಅಲ್ಲ, ಆದರೂ ತಪ್ಪೇ. ಅದು ಗೊತ್ತಾಗಿದ್ದು ರಜೆಯಲ್ಲಿ ಊರಿಗೆ ಹೋದಾಗ, ಹಳೇ ಲ್ಯಾಪ್‌ಟಾಪ್ ಒಂದನ್ನ ರಾತ್ರಿಯಿಡೀ ಓಡಿಸಿದ ಮೇಲೆ. ನನ್ನ ವಾದ ಇಷ್ಟು: ಚೆಸ್ ಪ್ರೋಗ್ರಾಂಗಳನ್ನ ಮನೆ ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡೋ ಹವ್ಯಾಸಿಗಳು ನಂಬರಿಗೆ ಕೊಡೋ ಮರ್ಯಾದೆಯನ್ನ ಇಂಜಿನಿಯರಿಂಗ್ ಓದೋ ನಾವು ಕೊಡ್ತಾ ಇಲ್ಲ. ನಮ್ಮ ಪ್ರಾಜೆಕ್ಟ್ ರಿಪೋರ್ಟಿನಲ್ಲಿರೋ ಅರ್ಧಕ್ಕರ್ಧ 'ಸುಧಾರಣೆ'ಗಳು ಅವರ ಕೈಯಲ್ಲಿ ಒಂದು ರಾತ್ರಿ ಉಳಿಯೋದಿಲ್ಲ ಅಂತ ನನಗೆ ಅನುಮಾನ. ನಮ್ಮದಂತೂ ಉಳಿಯಲಿಲ್ಲ.

ಮೊದಲು ಎಲೋ ಬಗ್ಗೆ ಎರಡು ಮಾತು. ಅರ್ಪಾದ್ ಎಲೋ ಅಂತ ಹಂಗೇರಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಫಿಸಿಕ್ಸ್ ಮೇಷ್ಟ್ರು ಮಾಡಿದ ಲೆಕ್ಕ ಇದು. ಇಬ್ಬರ ನಡುವೆ 200 ಪಾಯಿಂಟ್ ಅಂತರ ಇದ್ದರೆ ಮೇಲಿನವನಿಗೆ ನೂರಕ್ಕೆ 76ರಷ್ಟು ಅಂಕ ಬರಬೇಕು. ತಿರುಗಿಸಿ ಹೇಳಿದರೆ, ನೂರಕ್ಕೆ 70 ಬಂದರೆ ಅಂತರ 147. ಸೂತ್ರ ಸರಿಯಾಗೇ ಇದೆ, ಕ್ಯಾಲ್ಕುಲೇಟರ್ ಕೂಡ ಸರಿ. ಅದರೊಳಗೆ ನಾವು ಹಾಕಿದ 'ನೂರಕ್ಕೆ 70' ಅನ್ನೋದು ಹತ್ತೇ ಆಟದಿಂದ ಬಂದಿದ್ದು, ಎಡವಟ್ಟು ಅಲ್ಲಿ.

ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ಹತ್ತು ಸಲ ಚಿಮ್ಮಿ. ಒಟ್ಟು 1,024 ರೀತಿಯಲ್ಲಿ ಬೀಳಬಹುದು. ಅದರಲ್ಲಿ 176 ರೀತಿಗಳಲ್ಲಿ ಏಳು ಅಥವಾ ಹೆಚ್ಚು ಸಲ ರಾಜ ಬೀಳ್ತಾನೆ. ಇನ್ನೊಂದು ಮುಖಕ್ಕೂ ಅಷ್ಟೇ. ಅಂದ್ರೆ ಹೆಚ್ಚುಕಡಿಮೆ ಮೂರರಲ್ಲಿ ಒಂದು ಸಲ ಯಾವುದೋ ಒಂದು ಮುಖ '7-3' ಅಥವಾ ಇನ್ನೂ ಜೋರಾಗಿ ಗೆಲ್ಲುತ್ತೆ. ಡ್ರಾ ಇಲ್ಲ ಅಂದುಕೊಂಡರೆ, ಪೂರ್ತಿ ಸಮಬಲದ ಎರಡು ಪ್ರೋಗ್ರಾಂ ಹತ್ತು ಆಟ ಆಡಿದರೂ ಇದೇ ಕಥೆ. ನಾಣ್ಯದ ಒಂದು ಮುಖ ಇನ್ನೊಂದಕ್ಕಿಂತ 147 ಎಲೋ ಮೇಲು ಅಂತ ಯಾರಾದರೂ ರಿಪೋರ್ಟ್ ಬರೆದರೆ ನಗ್ತೀವಿ. ನಾವು ಬರೆದಾಗ ಯಾರೂ ನಗಲಿಲ್ಲ. (ಇದಕ್ಕೆ ಕನ್ನಡದಲ್ಲಿ 'ಸಂಭವನೀಯತೆ' ಅಂತಾರೆ ಅಂತ ನಮ್ಮ ಸಂಪಾದಕರು ಹೇಳಿಕೊಟ್ಟರು. ಇಂಗ್ಲಿಷ್ ಮೀಡಿಯಂನವನು ನಾನು, ಆ ಪದವನ್ನ ಮೂರು ಸಲ ತಪ್ಪು ಟೈಪ್ ಮಾಡಿದೆ.)

ನಮ್ಮೂರು ಅಣ್ಣಿಗೇರಿ ಹತ್ತಿರದ ಒಂದು ಹಳ್ಳಿ. ಸುತ್ತ ಎರೆ ಹೊಲ, ಹಿಂಗಾರಿಗೆ ಕಡಲೆ, ಜೋಳ, ಗೋಧಿ. ರಜೆಯಲ್ಲಿ ಮಾಡೋಕೆ ಕೆಲಸ ಇರಲಿಲ್ಲ ಅಂತ ಕ್ಯೂಟ್‌ಚೆಸ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಂಡೆ. ಅದು ಎರಡು ಪ್ರೋಗ್ರಾಂಗಳ ನಡುವೆ ಅಂಪೈರ್ ತರ ಕೂರುತ್ತೆ: ಒಂದರ ನಡೆ ಇನ್ನೊಂದಕ್ಕೆ ಮುಟ್ಟಿಸುತ್ತೆ, ಗಡಿಯಾರ ನೋಡುತ್ತೆ, ಸೋತಿದ್ದು ಗೆದ್ದಿದ್ದು ಬರೆದಿಡುತ್ತೆ. ಪ್ರೋಗ್ರಾಂಗಳು ಮಾತಾಡೋಕೆ ಯುಸಿಐ ಅಂತ ಒಂದು ಸಾಮಾನ್ಯ ಭಾಷೆ 2000ನೇ ಇಸವಿಯಿಂದ ಇದೆ, ಅದಕ್ಕೇ ಯಾರದೋ ಪ್ರೋಗ್ರಾಂ ಜೊತೆ ಯಾರದೋ ಪ್ರೋಗ್ರಾಂ ಆಡಿಸಬಹುದು. ಒಂದು ಕಡೆಗೆ ಇಡೀ ಆಟಕ್ಕೆ 10 ಸೆಕೆಂಡ್, ಪ್ರತಿ ನಡೆಗೆ 0.1 ಸೆಕೆಂಡ್ ಮೇಲೆ. ಹಿಂಗೆ ಆಡಿಸಿದರೆ ಒಂದು ಆಟ ಅರ್ಧ ನಿಮಿಷದೊಳಗೆ ಮುಗಿಯುತ್ತೆ. 2,000 ಆಟ ಆಡಿಸೋಣ ಅಂತ ಮೊದಲೇ ಒಂದು ಹಾಳೆ ಮೇಲೆ ಬರೆದಿಟ್ಟೆ.

ಮೊದಲ ರಾತ್ರಿ ಎಲ್ಲಾ ತಪ್ಪುಗಳನ್ನೂ ಮಾಡಿದೆ. ಲ್ಯಾಪ್‌ಟಾಪಿನಲ್ಲಿ ನಾಲ್ಕು ಕೋರ್ ಇದೆ ಅಂತ ನಾಲ್ಕು ಆಟ ಒಟ್ಟಿಗೆ ಹಚ್ಚಿದೆ. ಏಪ್ರಿಲ್ ಸೆಕೆ, ಲ್ಯಾಪ್‌ಟಾಪ್ ಹಂಚಿನಂಗೆ ಕಾದು ತಾನಾಗೇ ನಿಧಾನ ಆಯ್ತು. ಪ್ರೋಗ್ರಾಂಗಳು ಒಳ್ಳೆ ಸ್ಥಿತಿಯಲ್ಲಿದ್ದೂ ಟೈಮ್ ಮುಗಿದು ಸೋಲೋಕೆ ಶುರು ಮಾಡಿದವು. ಸ್ಟೂಲಿನ ಮೇಲಿಟ್ಟು ಟೇಬಲ್ ಫ್ಯಾನ್ ತಿರುಗಿಸಿದೆ. ಅವ್ವ ಎದ್ದು ಬಂದು, "ಮನಷ್ಯಾರಿಗೆ ಗಾಳಿ ಇಲ್ಲ, ಈ ಡಬ್ಬಿಗೆ ಫ್ಯಾನ್ ಹಚ್ಚಿ ಕುಂತಾನ" ಅಂತ ಬೈದಳು. ನಾಲ್ಕರ ಬದಲು ಎರಡೇ ಆಟ ಒಟ್ಟಿಗೆ ಆಡಿಸಿದಾಗ ಸರಿ ಹೋಯ್ತು. ಒಂದು ಆಟದಲ್ಲಿ ಒಂದು ಸಲಕ್ಕೆ ಒಬ್ಬರೇ ಯೋಚನೆ ಮಾಡ್ತಾರೆ, ಹಂಗಾಗಿ ಎರಡು ಆಟಕ್ಕೆ ಎರಡು ಕೋರ್, ಉಳಿದದ್ದು ವಿಂಡೋಸಿಗೆ.

ಹನ್ನೊಂದು ಗಂಟೆಗೆ ಸ್ಕೋರ್ ನೋಡಿದೆ. 62 ಆಟಕ್ಕೆ ನಮ್ಮ ಹೊಸ ವರ್ಶನ್ 35.5 ಪಾಯಿಂಟ್. ಖುಷಿಯಾಗಿ ಟೀಮಿನ ಗೆಳೆಯನಿಗೆ ಫೋಟೋ ಕಳಿಸಿದೆ. ಅವನ ಉತ್ತರ: "ಸಾಕ್ ಬಿಡಲೇ, ಇಲ್ಲೇ ನಿಲ್ಸು." ಆ ಮಾತನ್ನ ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೀನಿ. ಮೂರು ಗಂಟೆಗೆ ಕರೆಂಟ್ ಹೋಯ್ತು. ಲ್ಯಾಪ್‌ಟಾಪ್ ಬ್ಯಾಟರಿಗೆ ಬಿದ್ದು ಸ್ಪೀಡ್ ಇಳಿಸಿಕೊಂಡಿತು, ಸ್ವಲ್ಪ ಹೊತ್ತಿಗೆ ಬ್ಯಾಟರಿಯೂ ಸತ್ತಿತು. ಬೆಳಿಗ್ಗೆ ನೋಡಿದರೆ 1,180 ಆಟ ಆಗಿತ್ತು. ಆದರೆ ಯಾವ ಆಟ ಕಾದ ಮಷಿನ್ನಿನಲ್ಲಿ, ಯಾವುದು ಬ್ಯಾಟರಿಯಲ್ಲಿ ಆಡಿದ್ದು ಅಂತ ಬಿಡಿಸೋಕೆ ಹೋದರೆ ನನಗೆ ಬೇಕಾದ್ದನ್ನ ಇಟ್ಟುಕೊಂಡು ಬೇಡವಾದ್ದನ್ನ ಬಿಸಾಕೋ ಆಸೆ ಬರುತ್ತೆ. ಅದಕ್ಕೇ ಎಲ್ಲಾ ಅಳಿಸಿದೆ.

ಮಾರನೇ ದಿನ ಲ್ಯಾಪ್‌ಟಾಪ್ ಎತ್ತಿಕೊಂಡು ಅಣ್ಣಿಗೇರಿಗೆ ಹೋದೆ. ಅಲ್ಲಿ ನಮ್ಮ ಕಾಕಾನ ಝೆರಾಕ್ಸ್ ಅಂಗಡಿ ಇದೆ, ಅಂಗಡಿಗೆ ಇನ್ವರ್ಟರ್ ಇದೆ. "ಕಾಕಾ, ಒಂದ್ ರಾತ್ರಿ ಇಲ್ಲೇ ಹಚ್ಚಿ ಹೋಗ್ತೀನಿ, ಯಾರೂ ಮುಟ್ಟಬಾರದು" ಅಂದೆ. ಏನಪ್ಪಾ ಇದು ಅಂತ ಕೇಳಿದ. ಹೇಳಿದೆ: ಎರಡು ಪ್ರೋಗ್ರಾಂ, ಯಾವುದು ಚಲೋ ನೋಡಬೇಕು, ಪ್ರತಿ ಓಪನಿಂಗನ್ನ ಎರಡು ಸಲ ಆಡಿಸಬೇಕು, ಒಂದು ಸಲ ಇದಕ್ಕೆ ಬಿಳಿ, ಇನ್ನೊಂದು ಸಲ ಅದಕ್ಕೆ ಬಿಳಿ. ಕಾಕಾ ಹೊಲನೂ ಮಾಡ್ತಾನೆ, ಅಂಗಡಿನೂ ನಡೆಸ್ತಾನೆ. ಅವನಿಗೆ ಥಟ್ ಅಂತ ತಿಳೀತು. "ತಳಿ ನೋಡೂವಾಗ ಹಿಂಗ ಮಾಡ್ತಾರಲ್ಲ. ಹೊಲದ ಒಂದ ತುದಿಗೆ ನೀರ ನಿಲ್ತೈತಿ. ಒಂದ ಬೀಜ ಅಲ್ಲೇ, ಇನ್ನೊಂದ ಬೀಜ ಇಲ್ಲೇ ಬಿತ್ತಿದರ ಬಂದ ಪೀಕು ಬೀಜದ್ದೋ ನೀರಿಂದೋ ಹೆಂಗ ಹೇಳ್ತಿ?" ಅಂದ.

ಹೌದಲ್ಲ! ಅಣ್ಣಿಗೇರಿ-1 ಅನ್ನೋ ಕಡಲೆ ತಳಿ ನಮ್ಮೂರ ಹೆಸರಲ್ಲೇ ಇದೆ. 1978ರಲ್ಲಿ ಬಿಡುಗಡೆಯಾಗಿ ದಶಕಗಳ ಕಾಲ ನಮ್ಮ ಭಾಗದ ಹೊಲಗಳಲ್ಲಿ ಬೆಳೆದ ತಳಿ. ಒಂದು ಹೊಸ ತಳಿಗೆ ಹೆಸರು ಸಿಗಬೇಕಾದರೆ ಒಂದೇ ಹೊಲದ ಒಂದೇ ವರ್ಷದ ಫಸಲು ಸಾಕಾಗೋದಿಲ್ಲ. ಬೇರೆ ಬೇರೆ ಊರು, ಬೇರೆ ಬೇರೆ ವರ್ಷ, ಒಂದೇ ಹೊಲದಲ್ಲಿ ಅದೇ ತಳಿಗೆ ನಾಲ್ಕಾರು ತಾಕು, ಜೊತೆಗೆ ಹೋಲಿಸೋಕೆ ಹಳೇ ತಳಿ. ಕಡಲೆಕಾಳಿಗೆ ಇಷ್ಟೆಲ್ಲಾ ಪರೀಕ್ಷೆ ಇದೆ. ಬಿಇ ಪ್ರಾಜೆಕ್ಟಿಗೆ ಹತ್ತು ಆಟ.

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದಾಗ 2,000 ಆಟ ಮುಗಿದಿತ್ತು. ನಮ್ಮ ಹೊಸ ವರ್ಶನ್ 731 ಗೆದ್ದಿತ್ತು, 764 ಸೋತಿತ್ತು, 505 ಡ್ರಾ. ನೂರಕ್ಕೆ 49.2. ಎಲೋ ಲೆಕ್ಕದಲ್ಲಿ −6, ಅದಕ್ಕೆ 13 ಆಚೆ ಈಚೆ. ಅಂದ್ರೆ ನಿಜವಾದ ಅಂತರ −19ರಿಂದ +7ರ ನಡುವೆ ಎಲ್ಲೋ ಇರೋ ಸಾಧ್ಯತೆ ಹೆಚ್ಚು. ಹಳೆಯದಕ್ಕಿಂತ ಕೆಟ್ಟದ್ದು ಅಂತ ಖಂಡಿತ ಹೇಳೋಕಾಗಲ್ಲ, ಒಳ್ಳೇದು ಅಂತಂತೂ ಹೇಳೋಕೆ ಆಗೋದೇ ಇಲ್ಲ. +147 ಎಲ್ಲೂ ಇಲ್ಲ.

ಎಲ್ಲಿ ಹೋಯ್ತು ಅಂತ ಹುಡುಕಿದೆ. ಲ್ಯಾಬಿನ ಹತ್ತು ಆಟದ ಫೈಲ್ ತೆಗೆದು ನೋಡಿದಾಗ ಎರಡು ವಿಷಯ ಸಿಕ್ಕಿತು, ಎರಡೂ ನಾಚಿಕೆಗೇಡು.

ಒಂದು: ನಮ್ಮ ಪ್ರೋಗ್ರಾಂ ಲಾಟರಿ ಎತ್ತೋದಿಲ್ಲ. ಒಂದೇ ಸ್ಥಿತಿ ಕೊಟ್ಟು ಇಷ್ಟೇ ಆಳ ನೋಡು ಅಂದರೆ ಪ್ರತಿ ಸಲ ಅದೇ ನಡೆ ಆಡುತ್ತೆ. ಅದು ಗೊತ್ತಿದ್ದೇ ನಾವು ಐದು ಓಪನಿಂಗ್ ಕೈಯಿಂದ ಬರೆದುಕೊಂಡು, ಬಣ್ಣ ಬದಲಿಸಿ ಹತ್ತು ಆಟ ಮಾಡಿದ್ವಿ. ಆದರೆ ಎರಡನೇ ಓಪನಿಂಗಿನಲ್ಲಿ ಬಿಳಿ ಮೊದಲು ಕುದುರೆ ತೆಗೆದು ಆಮೇಲೆ ಮಂತ್ರಿ ಮುಂದಿನ ಪ್ಯಾದೆ ತಳ್ಳುತ್ತೆ. ನಾಲ್ಕನೇದರಲ್ಲಿ ಮೊದಲು ಪ್ಯಾದೆ, ಆಮೇಲೆ ಕುದುರೆ. ಕಪ್ಪಿನ ನಡೆಗಳು ಎರಡರಲ್ಲೂ ಒಂದೇ. ಎರಡು ನಡೆ ಆದ ಮೇಲೆ ಬೋರ್ಡ್ ತದ್ರೂಪ! ಅಲ್ಲಿಂದ ಮುಂದೆ ಕೊನೆಯ ನಡೆವರೆಗೂ ಅದೇ ಆಟ. ಆ ನಾಲ್ಕು ಆಟಗಳನ್ನೂ ಹೊಸ ವರ್ಶನ್ ಗೆದ್ದಿತ್ತು, ಆದರೆ ಅವು ನಿಜವಾಗಿ ಎರಡೇ ಆಟ. ನಮ್ಮ 7-3 ಅನ್ನೋದು 5-3. ಒಂದೇ ಉತ್ತರಪತ್ರಿಕೆಯನ್ನ ಎರಡು ಸಲ ತಿದ್ದಿ ಮಾರ್ಕ್ಸ್ ಕೂಡಿಸಿದಂಗೆ.

ಎರಡನೇದು ಇನ್ನೂ ದೊಡ್ಡದು. ಲ್ಯಾಬಿನಲ್ಲಿ ಗಡಿಯಾರ ಇಟ್ಟಿರಲಿಲ್ಲ. ಎರಡಕ್ಕೂ 'ಐದು ನಡೆ ಆಳ ನೋಡು' ಅಂತ ಹೇಳಿ ಬಿಟ್ಟಿದ್ವಿ. ರಾಜನ ಅಪಾಯ ಲೆಕ್ಕ ಹಾಕೋ ಕೋಡ್ ನಾನೇ ಬರೆದಿದ್ದು, ಅದು ಸಿಕ್ಕಾಪಟ್ಟೆ ನಿಧಾನ. ಹಳೆಯದು ಸೆಕೆಂಡಿಗೆ ಸುಮಾರು 6 ಲಕ್ಷ ಸ್ಥಿತಿ ನೋಡಿದರೆ ಹೊಸದು 4 ಲಕ್ಷ ನೋಡುತ್ತೆ. ಗಡಿಯಾರ ಇಲ್ಲದಿದ್ದಾಗ ಆ ನಿಧಾನಕ್ಕೆ ದಂಡ ಇಲ್ಲ, ಎಷ್ಟು ಹೊತ್ತು ಬೇಕಾದರೂ ತಗೊಂಡು ಐದು ನಡೆ ನೋಡಿ ಮುಗಿಸುತ್ತೆ. ಗಡಿಯಾರ ಇಟ್ಟಾಗ ಹಳೆಯದು ಅದೇ ಹೊತ್ತಿನಲ್ಲಿ ಹೆಚ್ಚು ನೋಡುತ್ತೆ. ರಾಜನ ಬಗ್ಗೆ ಗೊತ್ತಿಲ್ಲದಿದ್ದರೂ ಮುಂದೆ ಬರೋ ಹೊಡೆತ ಅದಕ್ಕೆ ಕಾಣುತ್ತೆ. ಬುದ್ಧಿ ಕೊಟ್ಟಿದ್ದೆ, ಕಾಲು ಕಿತ್ತುಕೊಂಡಿದ್ದೆ.

ಇದು ನನ್ನ ಊಹೆಯೋ ನಿಜವೋ ನೋಡೋಕೆ ಇನ್ನೊಂದು ರಾತ್ರಿ ಬೇಕಾಯ್ತು. ಗಡಿಯಾರ ತೆಗೆದು, ಐದು ನಡೆ ಆಳಕ್ಕೆ ಕಟ್ಟಿ, ಬೇರೆ ಬೇರೆ ಓಪನಿಂಗುಗಳಿಂದ 1,000 ಆಟ. ಹೊಸದು 420 ಗೆಲುವು, 330 ಸೋಲು, 250 ಡ್ರಾ. ಸುಮಾರು +31, ಆಚೆ ಈಚೆ 19. ಅಂದ್ರೆ ಐಡಿಯಾ ಪೂರ್ತಿ ಬುರುಡೆ ಅಲ್ಲ, ರಾಜನ ಬಗ್ಗೆ ಯೋಚನೆ ಮಾಡೋದು ಒಳ್ಳೇದೇ. ನನ್ನ ಕೋಡ್ ಆ ಲಾಭವನ್ನೆಲ್ಲಾ ತಿಂದು ಹಾಕಿದೆ. ಯೋಚನೆ ಮಾಡಿ: ಹತ್ತು ಆಟದ ರಿಪೋರ್ಟಿನಲ್ಲಿ ಈ ಎರಡು ಮಾತಿನಲ್ಲಿ ಒಂದಾದರೂ ಇತ್ತಾ? ಮಾರ್ಕ್ಸ್ ಬಂತು, ಕಲಿಯಬೇಕಾದ್ದು ಮಾತ್ರ ಕಲಿಯಲಿಲ್ಲ.

ಇದನ್ನೆಲ್ಲಾ ನಾನೇನೂ ಹೊಸದಾಗಿ ಕಂಡುಹಿಡಿದಿಲ್ಲ. ಸ್ವೀಡನ್‌ನಲ್ಲಿ ಎಸ್‌ಎಸ್‌ಡಿಎಫ್ ಅಂತ ಒಂದು ಹವ್ಯಾಸಿಗಳ ಸಂಘ ಇದೆ. 1984ರಿಂದ ಅವರು ಚೆಸ್ ಕಂಪ್ಯೂಟರ್‌ಗಳ ರೇಟಿಂಗ್ ಪಟ್ಟಿ ಹೊರತರ್ತಾ ಬಂದಿದ್ದಾರೆ. ಆ ಕಾಲದಲ್ಲಿ ಅಂಪೈರ್ ಸಾಫ್ಟ್‌ವೇರ್ ಎಲ್ಲಿತ್ತು? ಮನೆಯ ಟೇಬಲ್ ಮೇಲೆ ಎರಡು ಮಷಿನ್ ಅಕ್ಕಪಕ್ಕ ಇಟ್ಟುಕೊಂಡು, ಒಂದು ಆಡಿದ ನಡೆಯನ್ನ ಕೈಯಾರೆ ಇನ್ನೊಂದಕ್ಕೆ ಒತ್ತಬೇಕು. ಅದರ ಉತ್ತರಕ್ಕೆ ಕಾಯಬೇಕು, ಅದನ್ನ ಇದಕ್ಕೆ ಒತ್ತಬೇಕು. 40 ನಡೆಗೆ 2 ಗಂಟೆ ಲೆಕ್ಕದಲ್ಲಿ ಒಂದು ಆಟಕ್ಕೆ ಇಡೀ ಸಂಜೆ ಹೋಗುತ್ತೆ. ಯಾರೂ ಸಂಬಳ ಕೊಡ್ತಿರಲಿಲ್ಲ. ಆದರೂ ಪೆಟ್ಟಿಗೆ ಮೇಲೆ ಕಂಪನಿ ಬರೆದ ರೇಟಿಂಗ್ ನಂಬದೆ, ತಾವೇ ಆಡಿಸಿ ನೋಡಿ ಬರೆದರು. ನಾವು ಹತ್ತು ಆಟಕ್ಕೇ ಸುಸ್ತಾಗಿ ಕ್ಯಾಂಟೀನಿಗೆ ಹೋಗಿದ್ವಿ, ಅದೂ ಸ್ಕ್ರಿಪ್ಟ್ ಆಡಿಸ್ತಾ ಇದ್ದಾಗ.

ಈಗ ಜಗತ್ತಿನ ಅತಿ ಬಲಶಾಲಿ ಚೆಸ್ ಪ್ರೋಗ್ರಾಂಗಳಲ್ಲಿ ಒಂದಾದ ಸ್ಟಾಕ್‌ಫಿಶ್ ಬೆಳೆದಿದ್ದೂ ಮನೆ ಕಂಪ್ಯೂಟರ್‌ಗಳ ಮೇಲೇ. 2013ರಲ್ಲಿ ಗ್ಯಾರಿ ಲಿನ್ಸ್‌ಕಾಟ್ ಎಂಬುವರು ಫಿಶ್‌ಟೆಸ್ಟ್ ಅನ್ನೋ ವ್ಯವಸ್ಥೆ ಮಾಡಿದರು. ಯಾರಾದರೂ ಸ್ಟಾಕ್‌ಫಿಶ್‌ನ ಕೋಡಿನಲ್ಲಿ ಒಂದು ಸಣ್ಣ ಬದಲಾವಣೆ ತಂದರೆ, ಹಳೇದು ಹೊಸದರ ನಡುವಿನ ಪಂದ್ಯವನ್ನ ಹಂಚಿ ಲೋಕದ ತುಂಬಾ ಇರೋ ಸ್ವಯಂಸೇವಕರ ಕಂಪ್ಯೂಟರ್‌ಗಳಿಗೆ ಕಳಿಸುತ್ತೆ. ಇಷ್ಟರವರೆಗೆ ಆಡಿರೋದು ನೂರಾರು ಕೋಟಿ ಆಟ. ಅಷ್ಟು ಯಾಕೆ ಬೇಕು ಅಂದರೆ, ಎಲ್ಲಾ ದೊಡ್ಡ ಸುಧಾರಣೆಗಳು ಮುಗಿದ ಮೇಲೆ ಉಳಿದಿರೋದು ಒಂದೆರಡು ಎಲೋದ ಚಿಲ್ಲರೆ. ತಪ್ಪಿನ ಅಂದಾಜು ಅರ್ಧಕ್ಕೆ ಇಳಿಬೇಕಾದರೆ ಆಟ ನಾಲ್ಕು ಪಟ್ಟು ಬೇಕು. ನನ್ನ 2,000 ಆಟಕ್ಕೆ 13 ಆಚೆ ಈಚೆ ಇತ್ತು. ಅದನ್ನ 3ಕ್ಕೆ ಇಳಿಸಬೇಕಾದರೆ 38 ಸಾವಿರಕ್ಕೂ ಹೆಚ್ಚು ಆಟ ಆಡಿಸಬೇಕು. ಕಾಕಾನ ಇನ್ವರ್ಟರ್ ಸತ್ತೇ ಹೋಗುತ್ತೆ.

ಫಿಶ್‌ಟೆಸ್ಟಿನಲ್ಲಿ ನನಗೆ ಇಷ್ಟ ಆಗಿದ್ದು ಬೇರೆ ವಿಷಯ. ಅಲ್ಲಿ ಬರೋ ಬದಲಾವಣೆಗಳಲ್ಲಿ ಹೆಚ್ಚಿನವು ಫೇಲ್ ಆಗುತ್ತವೆ. ಫೇಲ್ ಆಗಿದ್ದು ಎಲ್ಲರಿಗೂ ಕಾಣೋ ಹಾಗೆ ಅಲ್ಲೇ ಇರುತ್ತೆ, ಯಾರೂ ಅಳಿಸೋದಿಲ್ಲ. ನಮ್ಮ ಡಿಪಾರ್ಟ್‌ಮೆಂಟಿನ ಹಳೇ ಪ್ರಾಜೆಕ್ಟ್ ರಿಪೋರ್ಟುಗಳ ಕಪಾಟು ನೋಡಿ ಬನ್ನಿ. 'ಪ್ರಯತ್ನಿಸಿದೆವು, ಆಗಲಿಲ್ಲ' ಅನ್ನೋ ಒಂದೂ ರಿಪೋರ್ಟ್ ನನಗೆ ಸಿಗಲಿಲ್ಲ. ಇಷ್ಟು ವರ್ಷ, ಇಷ್ಟು ಟೀಮ್, ಎಲ್ಲಾ ಯಶಸ್ವಿ! ನಾವು ಅಷ್ಟು ಜಾಣರಾ?

ಈಗ 'ಸಾಕ್ ಬಿಡಲೇ, ಇಲ್ಲೇ ನಿಲ್ಸು' ಅನ್ನೋ ಮಾತಿಗೆ ಬರ್ತೀನಿ. ಸ್ಕೋರ್ ನೋಡ್ತಾ ನೋಡ್ತಾ, ನಮಗೆ ಬೇಕಾದ್ದು ಕಂಡ ಕೂಡಲೇ ನಿಲ್ಲಿಸಿದರೆ ಯಾವ ಪ್ರೋಗ್ರಾಂ ಬೇಕಾದರೂ ಗೆಲ್ಲಿಸಬಹುದು. ಎಷ್ಟೇ ಸಮಬಲ ಇದ್ದರೂ ಮಧ್ಯದಲ್ಲಿ ಎಲ್ಲೋ ಒಂದು ಕಡೆ ಇದು ಮುಂದೆ ಇದ್ದೇ ಇರುತ್ತೆ. ಹಂಗಂತ ಸ್ಪಷ್ಟವಾಗಿ ಸೋಲ್ತಿರೋದನ್ನ 38 ಸಾವಿರ ಆಟ ಆಡಿಸೋದೂ ದಂಡ. ಇದಕ್ಕೆ ದಾರಿ ತೋರಿಸಿದವರು ಅಬ್ರಹಾಂ ವಾಲ್ಡ್ ಅನ್ನೋ ಸಂಖ್ಯಾಶಾಸ್ತ್ರಜ್ಞ, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, ಯುದ್ಧ ಸಾಮಗ್ರಿಗಳನ್ನ ಪರೀಕ್ಷೆ ಮಾಡೋ ಕೆಲಸಕ್ಕೆ. ಆಟ ಶುರುವಾಗೋ ಮೊದಲೇ ಎರಡು ಗೆರೆ ಹಾಕಿಕೊಳ್ಳಬೇಕು. ಪ್ರತಿ ಆಟ ಆದ ಮೇಲೆ ಸಾಕ್ಷ್ಯದ ಲೆಕ್ಕ ಮೇಲೆ ಕೆಳಗೆ ಹೋಗುತ್ತೆ. ಮೇಲಿನ ಗೆರೆ ಮುಟ್ಟಿದರೆ ಪಾಸ್, ಕೆಳಗಿನದು ಮುಟ್ಟಿದರೆ ಫೇಲ್, ನಡುವೆ ಇರೋವರೆಗೂ ಬಾಯಿ ಮುಚ್ಚಿಕೊಂಡು ಆಡಿಸ್ತಾ ಇರಬೇಕು. ಎರಡೂ ಕಡೆ ನೂರಕ್ಕೆ 5ರಷ್ಟು ತಪ್ಪು ಒಪ್ಪಿಕೊಂಡರೆ ಆ ಗೆರೆಗಳು +2.94 ಮತ್ತು −2.94. ಫಿಶ್‌ಟೆಸ್ಟ್ ನಡೆಯೋದೂ ಇದೇ ಲೆಕ್ಕದ ಮೇಲೆ. ವಾಲ್ಡ್ ತೀರಿಹೋಗಿದ್ದು ನಮ್ಮ ಪಕ್ಕದಲ್ಲೇ: 1950ರ ಡಿಸೆಂಬರ್ 13ರಂದು, ಭಾರತಕ್ಕೆ ಉಪನ್ಯಾಸ ಕೊಡೋಕೆ ಬಂದಿದ್ದಾಗ, ನೀಲಗಿರಿ ಬೆಟ್ಟದಲ್ಲಿ ವಿಮಾನ ಅಪಘಾತವಾಗಿ, ಹೆಂಡತಿ ಜೊತೆಗೆ. ಊಟಿ ಟ್ರಿಪ್ಪಿಗೆ ಎರಡು ಸಲ ಹೋಗಿ ಬಂದಿದ್ದೆ, ಗೊತ್ತೇ ಇರಲಿಲ್ಲ.

ಬರೀ ಹುಡುಗರು ಮಾಡೋ ತಪ್ಪು ಇದು ಅಂದುಕೊಳ್ಳಬೇಡಿ. 2017ರ ಡಿಸೆಂಬರಿನಲ್ಲಿ ಗೂಗಲ್‌ನ ಡೀಪ್‌ಮೈಂಡ್ ತನ್ನ ಆಲ್ಫಾಝೀರೋ 100 ಆಟದಲ್ಲಿ ಸ್ಟಾಕ್‌ಫಿಶ್ 8ರ ಮೇಲೆ 28 ಗೆದ್ದು 72 ಡ್ರಾ ಮಾಡಿತು, ಒಂದೂ ಸೋಲಲಿಲ್ಲ ಅಂತ ಪ್ರಕಟಿಸಿತು. ಪೇಪರ್‌ಗಳಲ್ಲೆಲ್ಲಾ ದೊಡ್ಡ ಸುದ್ದಿ. ಪ್ರಶ್ನೆ ಎತ್ತಿದ್ದು ಪರೀಕ್ಷೆ ಮಾಡಿ ಅಭ್ಯಾಸ ಇದ್ದ ಚೆಸ್ ಪ್ರೋಗ್ರಾಂ ಜನ: ಸ್ಟಾಕ್‌ಫಿಶ್‌ಗೆ 64 ಥ್ರೆಡ್ ಕೊಟ್ಟು ಹ್ಯಾಶ್ ಮೆಮೊರಿ 1 ಜಿಬಿ ಮಾತ್ರ ಯಾಕೆ? ಪ್ರತಿ ನಡೆಗೆ ಕಡ್ಡಾಯ 1 ನಿಮಿಷ ಯಾಕೆ, ಕಷ್ಟದ ಜಾಗದಲ್ಲಿ ಹೆಚ್ಚು ಹೊತ್ತು ಯೋಚಿಸೋ ಅದರ ವಿದ್ಯೆ ವ್ಯರ್ಥ ಆಯ್ತಲ್ಲ? ಒಂದು ವರ್ಷದ ನಂತರ 'ಸೈನ್ಸ್' ಪತ್ರಿಕೆಯಲ್ಲಿ ಪೂರ್ತಿ ಲೇಖನ ಬಂದಾಗ 1,000 ಆಟ ಇದ್ದವು, ಸರಿಯಾದ ಗಡಿಯಾರ ಇತ್ತು: ಒಂದು ಕಡೆಗೆ 3 ಗಂಟೆ, ನಡೆಗೆ 15 ಸೆಕೆಂಡ್ ಮೇಲೆ. ಆಲ್ಫಾಝೀರೋ 155 ಗೆದ್ದು 6 ಸೋತಿತು. ಗೆದ್ದಿದ್ದು ಗೆದ್ದಿದ್ದೇ. ಆದರೆ ಎರಡನೇ ಸಲದ ನಂಬರನ್ನ ನಂಬೋದು ಸುಲಭ. ಅಷ್ಟು ದೊಡ್ಡವರು ಮತ್ತೆ ಆಡಿಸಿ ತೋರಿಸಿದರು ಅಂದ ಮೇಲೆ ನಮಗೇನು ಧಾಡಿ?

ಊರಿಂದ ಬಂದ ಮೇಲೆ ಟೀಮಿನವರಿಗೆ ಎಲ್ಲಾ ಹೇಳಿದೆ. ಇಬ್ಬರು 'ಹೌದಾ' ಅಂದು ಸುಮ್ಮನಾದರು. ಮೂರನೆಯವನು, ಅದೇ 'ನಿಲ್ಸು' ಅಂದವನು, ನನ್ನ ರೂಮ್‌ಮೇಟ್ ಕೂಡ, ಸಿಟ್ಟಾದ. "ಮಾರ್ಕ್ಸ್ ಬಂದಾವ, ಸೆಮ್ ಮುಗದೈತಿ. ಈಗ್ಯಾಕ ಕೆದಕಾಕತ್ತೀದಿ? ನಿಂಗ ಬ್ಯಾರೆ ಕೆಲಸ ಇಲ್ಲೇನು?" ಅವನ ರೆಸ್ಯೂಮೆಯಲ್ಲಿ ಆ 147 ಇದೆ. ಇಂಟರ್ನ್‌ಶಿಪ್‌ಗೆ ಕಳಿಸಿದ್ದಾನೆ. ಗಿಟ್‌ಹಬ್ಬಿನಲ್ಲಿ ನಮ್ಮ ಪ್ರಾಜೆಕ್ಟಿನ ಮೊದಲ ಪುಟದ ಮೇಲೆ ಆ ಸಾಲು ನಾನು ತೆಗೆದೆ, ಅವನು ಮರುದಿನ ವಾಪಸ್ ಹಾಕಿದ. ಮತ್ತೆ ತೆಗೆದೆ. ಮೂರು ದಿನ ಒಂದೇ ರೂಮಿನಲ್ಲಿದ್ದು ಮಾತಾಡದೆ ಈ ಆಟ ಆಡಿದ್ವಿ. ಅವನ ಭಯ ನನಗೆ ಅರ್ಥ ಆಗುತ್ತೆ. ಅವನ ಮನೆಯಲ್ಲಿ ಫೀಸಿಗೆ ಸಾಲ ಮಾಡಿದ್ದಾರೆ, ನನ್ನ ಮನೆಯಲ್ಲೂ ಅಷ್ಟೇ. ರೆಸ್ಯೂಮೆಯಲ್ಲಿ '−6, ಆಚೆ ಈಚೆ 13' ಅಂತ ಬರೆದವನನ್ನ ಯಾರು ಕರೀತಾರೆ ಅಂತ ಅವನು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಆದರೆ ಇಂಟರ್ವ್ಯೂನಲ್ಲಿ ಇದರ ಬಗ್ಗೆ ಗೊತ್ತಿರೋ ಒಬ್ಬರು ಕೂತಿದ್ದು 'ಎಷ್ಟು ಆಟ?' ಅಂದರೆ, 'ಹತ್ತು' ಅನ್ನಬೇಕಾಗುತ್ತೆ. ಆ ಒಂದು ಕ್ಷಣ ಹೆಂಗಿರುತ್ತೆ ಅಂತ ಅವನೂ ಯೋಚನೆ ಮಾಡಿದ್ದಾನೆ ಅನ್ಸುತ್ತೆ, ಯಾಕಂದ್ರೆ ನಾಲ್ಕನೇ ದಿನ ಅವನೇ ಮಾತಾಡಿಸಿದ.

ನಮ್ಮ ಗೈಡ್ ಸರ್ ಹತ್ತಿರನೂ ಹೋದೆ. ಬೈತಾರೆ ಅಂದುಕೊಂಡಿದ್ದೆ. ಎಲ್ಲಾ ಕೇಳಿಕೊಂಡು, "ಒಂದೇ ದಿನದಾಗ ನಲವತ್ತು ಟೀಮ್ ನೋಡಬೇಕಪ್ಪಾ, ಹತ್ತು ನಿಮಿಷ ಒಬ್ಬರಿಗೆ. ಗ್ರಾಫ್ ಇದ್ದರ ಗ್ರಾಫ್ ನೋಡ್ತೀವಿ" ಅಂದರು. ಅದೂ ನಿಜವೇ. ಅದಕ್ಕೇ ನಾನು ಅವರ ಮೇಲೆ ಹಾಕ್ತಾ ಇಲ್ಲ. ಗ್ರಾಫ್ ಮಾಡಿದ್ದು ನಾವು, ಹತ್ತು ಆಟಕ್ಕೆ ನಿಲ್ಲಿಸಿದ್ದೂ ನಾವು.

ಆದರೆ ಒಂದು ಬದಲಾವಣೆ ಕೇಳಬಹುದು. ರಿಪೋರ್ಟಿನ ಫಾರ್ಮ್ಯಾಟಿನಲ್ಲಿ ಅಂಚು ಎಷ್ಟು ಇಂಚು ಬಿಡಬೇಕು, ಬೈಂಡಿಂಗ್ ಯಾವ ಬಣ್ಣ ಅನ್ನೋವರೆಗೂ ನಿಯಮ ಇದೆ. ಅದರಲ್ಲಿ ಒಂದೇ ಒಂದು ಪುಟ ಸೇರಿಸಲಿ: ಎಷ್ಟು ಸಲ ಓಡಿಸಿದಿರಿ, ಯಾವ ಮಷಿನ್ನಿನಲ್ಲಿ, ಎರಡಕ್ಕೂ ಏನೇನು ಒಂದೇ ಇಟ್ಟಿದ್ದಿರಿ, ಯಾವಾಗ ನಿಲ್ಲಿಸೋದು ಅಂತ ಮೊದಲೇ ಬರೆದಿದ್ದಿರಾ, ಏನು ಆಗಲಿಲ್ಲ. ಆ ಪುಟಕ್ಕೆ ಮಾರ್ಕ್ಸ್ ಇರಲಿ, 'ಆಗಲಿಲ್ಲ' ಅಂತ ಸರಿಯಾಗಿ ತೋರಿಸಿದವರಿಗೂ ಪೂರ್ತಿ ಮಾರ್ಕ್ಸ್ ಸಿಗಲಿ. ಇಪ್ಪತ್ತು ಎಲೆಗಳ ಫೋಟೋ ಮೇಲೆ 'ರೋಗ ಪತ್ತೆ ನೂರಕ್ಕೆ 95' ಅಂತ ತೋರಿಸೋ ಗೆಳೆಯರಿಗೂ ಇದೇ ಪುಟ ಸಾಕು. ಇಪ್ಪತ್ತರಲ್ಲಿ ಒಂದೇ ಒಂದು ಎಲೆ ಹೆಚ್ಚುಕಡಿಮೆ ಆದರೆ ನೂರಕ್ಕೆ 5 ಹೋಗುತ್ತೆ ಅಂತ ಅವರಿಗೇ ಕಾಣುತ್ತೆ.

'ಅಷ್ಟು ಓಡಿಸೋಕೆ ಮಷಿನ್ ಎಲ್ಲಿ, ಟೈಮ್ ಎಲ್ಲಿ' ಅಂತ ಕೇಳ್ತೀರಿ, ಗೊತ್ತು. ನಮ್ಮ ಲ್ಯಾಬಿನ ಕಂಪ್ಯೂಟರ್‌ಗಳು ಸಂಜೆ ಐದಕ್ಕೆ ಮಲಗಿದರೆ ಬೆಳಿಗ್ಗೆ ಒಂಬತ್ತಕ್ಕೆ ಏಳೋದು. ಲ್ಯಾಬ್ ಬಿಡಿ, ನನ್ನ ಹತ್ತಿರ ಇದ್ದಿದ್ದು ನಾಲ್ಕು ಕೋರಿನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಮತ್ತು ಝೆರಾಕ್ಸ್ ಅಂಗಡಿಯ ಇನ್ವರ್ಟರ್. ಚೆಸ್ ನಮಗೆ ಹೊರಗಿನದೂ ಅಲ್ಲ. ಅಣ್ಣಿಗೇರಿ ಅಮೃತೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಅದೇ ವಂಶದ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಚದುರಂಗದ ಬಗ್ಗೆಯೇ ಒಂದು ಭಾಗ ಇದೆ. ಇದು ವಾದಕ್ಕೆ ಸಂಬಂಧ ಇಲ್ಲ, ಗುಡಿ ಕಟ್ಟೆ ಮೇಲೆ ಕೂತು ಬೆಳೆದವನಿಗೆ ಹೇಳಬೇಕು ಅನ್ನಿಸಿತು, ಹೇಳಿದೆ.

ರೂಮ್‌ಮೇಟ್ ಜೊತೆ ಕೊನೆಗೆ ಒಂದು ಒಪ್ಪಂದ ಆಗಿದೆ. ನಾನು ಆ ನಿಧಾನ ಕೋಡ್ ಹೊಸದಾಗಿ ಬರೀಬೇಕು, ಅವನು ಪಂದ್ಯ ಆಡಿಸಬೇಕು, ವಾಲ್ಡ್ ಗೆರೆ ಹಾಕಿ. ಪಾಸಾದರೆ ಆ ನಂಬರ್ ಗಿಟ್‌ಹಬ್ಬಿಗೂ ಅವನ ರೆಸ್ಯೂಮೆಗೂ ಹೋಗುತ್ತೆ. ಫೇಲಾದರೆ ಫೇಲ್ ಅಂತ ಹೋಗುತ್ತೆ, ಗಿಟ್‌ಹಬ್ಬಿಗೆ ಮಾತ್ರ. ರೆಸ್ಯೂಮೆ ಬಗ್ಗೆ ಇನ್ನೂ ಜಗಳ ನಡೀತಾ ಇದೆ. ಕೋಡ್ ಬರೆದು ಮುಗಿಸಿದೆ, ಈಗ ಹೊಸದು ಸೆಕೆಂಡಿಗೆ ಐದೂವರೆ ಲಕ್ಷದ ಹತ್ತಿರ ನೋಡುತ್ತೆ. ನಿನ್ನೆ ರಾತ್ರಿಯಿಂದ ಹಾಸ್ಟೆಲಿನಲ್ಲಿ ಅವನ ಲ್ಯಾಪ್‌ಟಾಪ್ ಓಡ್ತಾ ಇದೆ, 'ಮುಟ್ಟಬೇಡಿ' ಅಂತ ಚೀಟಿ ಅಂಟಿಸಿದ್ದಾನೆ. ಈ ಲೇಖನ ಕಳಿಸೋ ಹೊತ್ತಿಗೆ 1,340 ಆಟ ಆಗಿದೆ, ಗೆರೆ ಇನ್ನೂ ಮುಟ್ಟಿಲ್ಲ. ಸ್ಕೋರ್ ಕೇಳಬೇಡಿ, ಹೇಳೋದಿಲ್ಲ.